ಹಳೇ ಟಿಎಸ್-520 ಸೆಟ್ಟಿನ ಧ್ವನಿ ಕೆಟ್ಟಿದೆ, ಎಲ್ಲಾ ಕೆಪಾಸಿಟರ್ ಬದಲಿಸಬೇಕಾ?

ಬೇಡ, ಈಗಲೇ ಬೇಡ. ತಾತನ ಹ್ಯಾಮ್ (ಹವ್ಯಾಸಿ) ರೇಡಿಯೊ ಸೆಟ್, ಕೆನ್‌ವುಡ್ ಟಿಎಸ್-520, ಇಪ್ಪತ್ತು ವರ್ಷ ಅಟ್ಟದ ಮೇಲಿತ್ತು ಅಂತ ಬರೆದಿದ್ದೀರಿ. ಆನ್ ಮಾಡಿದರೆ ಗುಂಯ್ ಅನ್ನುತ್ತದೆ, ಮಾತು ತಗಡಿನ ಡಬ್ಬದೊಳಗಿಂದ ಬಂದ ಹಾಗಿದೆ, ಆಗಾಗ ಸದ್ದೇ ನಿಂತುಹೋಗುತ್ತದೆ. ಇವು ಮೂರು ಬೇರೆ ಬೇರೆ ಕಾಯಿಲೆ ಇರಬಹುದು.

ಇದೇ ಸೆಟ್ ನನ್ನ ಕೈಗೆ ಬಂದಾಗ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಚೀಲ ತುಂಬಾ ಎಲೆಕ್ಟ್ರೋಲಿಟಿಕ್ (ಒಳಗೆ ದ್ರವ ಇರುವ) ಕೆಪಾಸಿಟರ್ ತಂದಿದ್ದೆ. ಎರಡು ದಿನ ಕೂತು ನಲವತ್ತಕ್ಕೂ ಜಾಸ್ತಿ ಬದಲಿಸಿದೆ. ಗುಂಯ್ ಸದ್ದು ಹೋಯಿತು. ಮಾತು ಮಾತ್ರ ಹಾಗೇ ಉಳಿಯಿತು, ಸದ್ದು ನಿಲ್ಲುವುದೂ ತಪ್ಪಲಿಲ್ಲ. ಮೇಲಾಗಿ ಸೋಲ್ಡರಿಂಗ್ ಐರನ್ನಿನ ಬಿಸಿಗೆ ಎರಡು ಕಡೆ ಬೋರ್ಡಿನ ತಾಮ್ರದ ಪಟ್ಟಿ ಎದ್ದು ಬಂದಿತ್ತು. ಅಷ್ಟು ಹಳೇ ಬೋರ್ಡಿಗೆ ಆ ಗಾಯ ಮಾಡಿದ್ದಕ್ಕೆ ಇವತ್ತಿಗೂ ಬೇಜಾರಿದೆ. ಅದಕ್ಕೇ ಮೊದಲು ಕಿವಿಗೆ ಕೆಲಸ ಕೊಡಿ ಅಂತ ಹೇಳುವುದು.

ಅದಕ್ಕೂ ಮೊದಲು ಜೀವದ ಮಾತು. ಈ ಸೆಟ್ಟಿನಲ್ಲಿ ಬಹುಪಾಲು ಟ್ರಾನ್ಸಿಸ್ಟರ್, ಆದರೆ ಪ್ರಸಾರದ ಕೊನೆಗೆ ಮೂರು ವಾಲ್ವ್ (ಹಳೇ ಗಾಜಿನ ಟ್ಯೂಬ್) ಇವೆ. ಸಿಗ್ನಲ್ ಏರಿಸಿ ಮುಂದೆ ಕೊಡುವ ಡ್ರೈವರ್ ಒಂದು 12ಬಿವೈ7ಎ, ಆಂಟೆನಾಗೆ ಪವರ್ ಕೊಡುವ ಫೈನಲ್ ಎರಡು ಎಸ್2001. ಫೈನಲ್‌ಗಳಿಗೆ 800 ವೋಲ್ಟ್ ಆಸುಪಾಸು ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅದು ಉಳಿದಿರಬಹುದು. ಮೀಟರ್ ಇಟ್ಟು ಸೊನ್ನೆ ನೋಡಿದ ಮೇಲೆಯೇ ಒಳಗೆ ಕೈ ಹಾಕಿ. ಸುಮ್ನೆ ಕೇಳುವುದಕ್ಕೆ ವಾಲ್ವ್ ಬೇಕಿಲ್ಲ, ವಾಲ್ವ್ ಬಿಸಿಮಾಡುವ ಹೀಟರ್ ಸ್ವಿಚ್ ಆಫ್ ಇರಲಿ. ಆದರೆ ಹೀಟರ್ ಆಫ್ ಆದ ಮಾತ್ರಕ್ಕೆ 800 ವೋಲ್ಟ್ ಹೋಯಿತು ಅಂದುಕೊಳ್ಳಬೇಡಿ. ಹಿಂದಿನ ವೋಲ್ಟೇಜ್ ಸೆಟ್ಟಿಂಗ್ ನಮ್ಮ ಕರೆಂಟಿಗೆ ಹೊಂದುತ್ತದಾ ಅಂತಲೂ ನೋಡಿ. ಮುಂದಿನ ಸಲ ಆನ್ ಮಾಡುವಾಗ ಸೆಟ್ಟಿಗೆ ಕರೆಂಟ್ ಬರುವ ದಾರಿಯಲ್ಲಿ, ಸೀರೀಸಿನಲ್ಲಿ, ಒಂದು 60 ವಾಟ್ ಫಿಲಮೆಂಟ್ ಬಲ್ಬ್ ಹಾಕಿ. ವರ್ಷಗಟ್ಟಲೆ ಕರೆಂಟ್ ಕಾಣದ ಎಲೆಕ್ಟ್ರೋಲಿಟಿಕ್ ಒಳಗೆ ಆಕ್ಸೈಡ್ ಪದರ ತೆಳ್ಳಗಾಗಿರುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಸೋರಿ ಬಿಸಿಯಾಗುತ್ತದೆ, ಒಡೆಯಲೂಬಹುದು.

ಈಗ ಗುಂಯ್ ಸದ್ದು. ಆಂಟೆನಾ ತೆಗೆಯಿರಿ. ಸದ್ದು ಹೋದರೆ ಅದು ಸೆಟ್ಟಿನದಲ್ಲ, ಮನೆಯ ಎಲ್‌ಇಡಿ ಬಲ್ಬ್, ಚಾರ್ಜರ್, ಯುಪಿಎಸ್‌ಗಳದ್ದು. ಹೋಗದಿದ್ದರೆ ವಾಲ್ಯೂಮ್ ಸೊನ್ನೆ ಮಾಡಿ. ಆಗಲೂ ಅಷ್ಟೇ ಜೋರಾಗಿದ್ದರೆ ತಪ್ಪು ಪವರ್ ಸಪ್ಲೈ ಫಿಲ್ಟರಿನಲ್ಲೋ ಆಡಿಯೊದ ಕೊನೆಯ ಹಂತದಲ್ಲೋ ಇದೆ. ಅಲ್ಲಿನ ದೊಡ್ಡ ಎಲೆಕ್ಟ್ರೋಲಿಟಿಕ್‌ಗಳನ್ನು ಖಂಡಿತ ಬದಲಿಸಿ. ಒಳಗಿನ ದ್ರವ ರಬ್ಬರ್ ಮುಚ್ಚಳದ ಮೂಲಕ ವರ್ಷ ವರ್ಷ ಒಣಗಿ, ಕೆಪಾಸಿಟರ್ ಇದ್ದೂ ಇಲ್ಲದ ಹಾಗಾಗಿರುತ್ತದೆ. 105 ಡಿಗ್ರಿ ಬಿಸಿ ತಡೆಯುವುದನ್ನೇ ಕೇಳಿ ತನ್ನಿ, 85ರದ್ದು ಬೇಡ. ಬಿಸಿ 10 ಡಿಗ್ರಿ ಕಮ್ಮಿಯಾದರೆ ಎಲೆಕ್ಟ್ರೋಲಿಟಿಕ್ ಆಯಸ್ಸು ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ.

ಆಗಾಗ ಸದ್ದು ನಿಲ್ಲುವುದು ಬಹುತೇಕ ರಿಲೇ ಕೆಲಸ, ಅಂದರೆ ಕೇಳುವುದಕ್ಕೂ ಪ್ರಸಾರಕ್ಕೂ ನಡುವೆ ಬದಲಿಸುವ ಸ್ವಿಚ್. ರಿಸೀವ್ ಸಿಗ್ನಲ್ ಆ ರಿಲೇಯ ಕಾಂಟ್ಯಾಕ್ಟ್ ಮೂಲಕವೇ ಬರುತ್ತದೆ, ಅದು ಕಪ್ಪಾಗಿರುತ್ತದೆ. ಬಿಳಿ ಕಾಗದದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಕಾಂಟ್ಯಾಕ್ಟ್ ನಡುವೆ ಮೆಲ್ಲಗೆ ಎಳೆಯಿರಿ. ಕಾಗದ ಕಪ್ಪಾಗುವುದು ನಿಲ್ಲುವ ತನಕ ಮಾಡಿ. ಸ್ಯಾಂಡ್ ಪೇಪರ್ ಮುಟ್ಟಲೇಬೇಡಿ, ಮೇಲಿನ ಲೇಪ ಹೊರಟುಹೋದರೆ ಮತ್ತೆ ಬರುವುದಿಲ್ಲ. ಬ್ಯಾಂಡ್ ಸ್ವಿಚ್, ಮೋಡ್ ಸ್ವಿಚ್, ವಾಲ್ಯೂಮ್ ಕಂಟ್ರೋಲ್‌ಗೆ ಒಂದೊಂದು ಹನಿ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಇಪ್ಪತ್ತು ಸಲ ತಿರುಗಿಸಿ. ನನ್ನ ಸೆಟ್ಟಿನಲ್ಲಿ ಎರಡು ದಿನದ ಸೋಲ್ಡರಿಂಗ್ ಮಾಡದ್ದನ್ನು ಈ ಅರ್ಧ ಗಂಟೆ ಮಾಡಿತು.

ಡಬ್ಬದ ಧ್ವನಿಗೆ ಎರಡು ಕಾರಣ ಇರಬಹುದು. ಒಂದು, ಕೆಪಾಸಿಟರ್ರೇ. ಒಂದು ಲೆಕ್ಕ ನೋಡಿ. 8 ಓಂ ಸ್ಪೀಕರಿಗೆ 470 ಮೈಕ್ರೋಫ್ಯಾರಡ್ ಮೂಲಕ ಸದ್ದು ಹೋಗುತ್ತಿದ್ದರೆ 42 ಹರ್ಟ್ಸ್‌ನಿಂದ ಮೇಲಿನದೆಲ್ಲ ಸರಾಗ ದಾಟುತ್ತದೆ. ಅದೇ ಕೆಪಾಸಿಟರ್ ಒಣಗಿ 47ಕ್ಕೆ ಇಳಿದರೆ ಆ ಗಡಿ 420 ಹರ್ಟ್ಸ್ ದಾಟುತ್ತದೆ. ಮಾತಿನ ತೂಕವೆಲ್ಲ ಹೋಗಿ ಬರೀ ಕೀಚು ಉಳಿಯುತ್ತದೆ.

ಎರಡನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಈ ಸೆಟ್ಟಿನ ಐಎಫ್ (ಒಳಗೆ ಸಿಗ್ನಲ್ಲನ್ನು ತಂದು ಸೋಸುವ ಫ್ರೀಕ್ವೆನ್ಸಿ) 3395 ಕಿಲೋಹರ್ಟ್ಸ್, ಎಸ್‌ಎಸ್‌ಬಿ (ಸಿಗ್ನಲ್ಲಿನ ಒಂದೇ ಪಕ್ಕ ಕಳಿಸುವ ವಿಧಾನ) ಫಿಲ್ಟರ್ ಅಗಲ 2.4 ಕಿಲೋಹರ್ಟ್ಸ್. ಸಿಗ್ನಲ್ಲನ್ನು ಮತ್ತೆ ಮಾತಾಗಿಸಲು ಬೇಕಾದ ಕ್ಯಾರಿಯರ್ ಕ್ರಿಸ್ಟಲ್‌ಗಳು ಆ 3395ರಿಂದ ಪಕ್ಕಕ್ಕೊಂದರಂತೆ 1.5 ಕಿಲೋಹರ್ಟ್ಸ್ ದೂರದಲ್ಲಿ ಕೂತಿರಬೇಕು. ಆಗ 300ರಿಂದ 2700 ಹರ್ಟ್ಸ್ ತನಕದ ಮಾತು ಫಿಲ್ಟರಿನಲ್ಲಿ ಸರಿಯಾಗಿ ಹಾದುಹೋಗುತ್ತದೆ. ಕ್ರಿಸ್ಟಲ್ಲಿಗೂ ವಯಸ್ಸಾಗುತ್ತದೆ, ಅದನ್ನು ಹೊಂದಿಸುವ ಪಕ್ಕದ ಟ್ರಿಮ್ಮರ್ ಜಾಗ ಬಿಡುತ್ತದೆ. ಫಿಲ್ಟರಿನಿಂದ 200 ಹರ್ಟ್ಸ್ ಆಚೆ ಸರಿದರೂ ಸಾಕು, ದನಿಯ ಬುಡ ಕತ್ತರಿಸಿಹೋಗುತ್ತದೆ. ಈಚೆ ಸರಿದರೆ ಕಂಬಳಿ ಹೊದ್ದು ಮಾತಾಡಿದ ಹಾಗೆ. ಇದನ್ನು ಕಿವಿಯಲ್ಲೇ ಹಿಡಿಯಬಹುದು. ಸ್ಟೇಷನ್ ಇಲ್ಲದ ಕಡೆ ಡಯಲ್ ನಿಲ್ಲಿಸಿ, ಬರೀ ಸರ್ ಅನ್ನುವ ಸದ್ದು ಕೇಳುತ್ತಾ ಮೋಡ್ ಸ್ವಿಚ್ಚಿನಲ್ಲಿ ಯುಎಸ್‌ಬಿ (ಸಿಗ್ನಲ್ಲಿನ ಮೇಲಿನ ಪಕ್ಕ), ಎಲ್‌ಎಸ್‌ಬಿ (ಕೆಳಗಿನ ಪಕ್ಕ) ಬದಲಿಸಿ. ಎರಡರಲ್ಲೂ ಸರ್ ಸದ್ದು ಒಂದೇ ಥರ ಇರಬೇಕು. ಒಂದು ಚೂಪು, ಒಂದು ದಪ್ಪ ಕೇಳಿದರೆ ಟ್ರಿಮ್ಮರ್ ಸರಿಮಾಡಬೇಕು. ಒಂದು ಫ್ರೀಕ್ವೆನ್ಸಿ ಕೌಂಟರ್ ಇದ್ದರೆ ಕೆಲಸ ಸುಲಭ. ನನ್ನ ಸೆಟ್ಟಿನಲ್ಲಿ ಎಲ್‌ಎಸ್‌ಬಿ ಕಡೆಯದು ಸರಿದಿತ್ತು. 40 ಮೀಟರ್ ಬ್ಯಾಂಡಿನಲ್ಲಿ ನಾವು ಮಾತಾಡುವುದೇ ಎಲ್‌ಎಸ್‌ಬಿಯಲ್ಲಿ ಅಲ್ವಾ, ಅದಕ್ಕೇ ದಿನಾ ಕೆಟ್ಟದ್ದೇ ಕೇಳುತ್ತಿದ್ದೆ. ಸರಿಮಾಡಿದ ದಿನ ಗೆಳೆಯರ ದನಿ ಅವರದ್ದೇ ಅನ್ನಿಸಿತು. ಎಫ್‌ಎಂ ಹಾಡಿನ ಥರ ಕೇಳುವುದಿಲ್ಲ, 2.4 ಕಿಲೋಹರ್ಟ್ಸ್‌ನಲ್ಲಿ ಅಷ್ಟು ಹಿಡಿಯುವುದಿಲ್ಲ. ಆದರೆ ಮನುಷ್ಯರ ದನಿ ಅನ್ನಿಸುತ್ತದೆ.

ಹ್ಯಾಮ್ ರೇಡಿಯೊ ನಡೆಸಲು ಬೇಕಾದ ಎಎಸ್‌ಒಸಿ ಪರೀಕ್ಷೆ ಪಾಸಾಗಿ ಲೈಸೆನ್ಸಿಗೆ ಕಾಯುತ್ತಿದ್ದೀರಿ ಅಂದಿದ್ದೀರಿ. ಅದು ಬಂದ ಮೇಲೆ ಫೈನಲ್‌ಗಳ ಐಡಲ್ ಕರೆಂಟ್ (ಮಾತಿಲ್ಲದಾಗ ಹರಿಯುವ ಕರೆಂಟ್) 60 ಮಿಲಿಆಂಪಿಗೆ ಇಡಿ. ವಾಲ್ವ್ ಸವೆದು ಪವರ್ ಕಮ್ಮಿ ಬಂದರೆ ಮೈಕ್ ಗೇನ್ ಏರಿಸಿ ಸರಿದೂಗಿಸಬೇಡಿ, ದನಿ ಹರಿದುಹೋಗುತ್ತದೆ. ಪ್ರಸಾರ ಮಿತಿಮೀರದ ಹಾಗೆ ತಡೆಯುವ ಎಎಲ್‌ಸಿಯ ಮೀಟರ್ ಮುಳ್ಳು ತನ್ನ ಗುರುತಿನ ಒಳಗೇ ಆಡಲಿ.

ತಾತನ ಮೈಕ್ ಸಿಕ್ಕರೆ ಎತ್ತಿಡಿ. ಈ ಸೆಟ್ಟಿಗೆ ಬೇಕಾದ್ದು 50 ಕಿಲೋಓಂ ಮೈಕ್. ಈಗಿನ 600 ಓಂ ಮೈಕ್ ನೇರ ಹಾಕಿದರೆ ಸದ್ದು ಸಣ್ಣಗಾಗುತ್ತದೆ. ಹಳೇ ಮೈಕಿನ ಒಳಗಿನ ಸ್ಪಂಜ್ ಅಂಟಂಟಾಗಿ ಪುಡಿಯಾಗಿರುತ್ತದೆ, ಅದನ್ನು ತೆಗೆದು ತೆಳ್ಳನೆ ಹೊಸ ಸ್ಪಂಜ್ ಇಡಿ. ವೈರ್ ಕೂಡ ಬುಡದಲ್ಲಿ ಒಳಗೇ ತುಂಡಾಗಿರಬಹುದು, ಬಗ್ಗಿಸುತ್ತಾ ಮೀಟರಿನಲ್ಲಿ ನೋಡಿ.

ಮೊದಲು ಆ ಸರ್ ಸದ್ದಿನ ಪರೀಕ್ಷೆ ಮಾಡಿ, ಎರಡೂ ಕಡೆಯದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಲ್ಲೇ ಹಾಕಿ. ಕೇಳಿ ಮುಂದೆ ಯಾವ ಬೋರ್ಡ್ ನೋಡಬೇಕು ಅಂತ ಹೇಳುತ್ತೇನೆ.