ತೇಗಕ್ಕೆ ಒಬ್ಬರು ಅಡಿಗೆ 2,500, ಇನ್ನೊಬ್ಬರು 4,500 ಹೇಳುತ್ತಾರೆ. ಯಾರು ಮೋಸ ಮಾಡುತ್ತಿದ್ದಾರೆ?

ಇಬ್ಬರೂ ನಿಜವನ್ನೇ ಹೇಳಿರಬಹುದು. ಶಿವಮೊಗ್ಗದ ಕಡೆ ನಮ್ಮದು ಸಾಮಿಲ್. ಮನೆ ಕಟ್ಟಿಸುವವರು ಇದೇ ಪ್ರಶ್ನೆ ಹಿಡಿದು ಬರುತ್ತಲೇ ಇರುತ್ತಾರೆ. ನಾನು ಮೊದಲು ಕೇಳುವುದು: ಆ 2,500 ದಿಮ್ಮಿಯ ರೇಟೋ, ಕೊಯ್ದ ಮರದ ರೇಟೋ?

ನಮ್ಮಲ್ಲಿ ಅಡಿ ಅಂದರೆ ಘನ ಅಡಿ, ಬಿಲ್ಲಿನಲ್ಲಿ ಸಿಎಫ್‌ಟಿ. ದಿಮ್ಮಿಯ ನಡುಮಧ್ಯೆ ಟೇಪು ಸುತ್ತಿ ಸುತ್ತಳತೆ ಹಿಡಿಯುತ್ತೇವೆ. 48 ಇಂಚು ಬಂತು ಅನ್ನಿ. ಅದರ ಕಾಲು ಭಾಗ 12. ಉದ್ದ 10 ಅಡಿ ಇದ್ದರೆ 12×12×10, ಅದನ್ನು 144ರಿಂದ ಭಾಗಿಸಿದರೆ 10 ಘನ ಅಡಿ. ಈ ಲೆಕ್ಕದಲ್ಲಿ ದುಂಡು ಮರದ ನೂರಕ್ಕೆ 78 ಪಾಲು ಮಾತ್ರ ಹಿಡಿದಂತಾಗುತ್ತದೆ. ಉಳಿದದ್ದು ಹೊರಗಿನ ಚಕ್ಕೆಗೆ ಬಿಟ್ಟ ಹಾಗೆ. ಆದರೆ ಗರಗಸದ ಪುಡಿ, ಡೊಂಕು, ಸೀಳು, ಅಂಚಿನ ಬಿಳಿ ಮರ ಎಲ್ಲಾ ಕಳೆದು ಆ 10 ಅಡಿಯಲ್ಲಿ ಐದೂವರೆ ಅಡಿ ಒಳ್ಳೆಯ ಮರ ಸಿಕ್ಕರೆ ಚೆನ್ನಾಗಿ ಬಂತು ಅನ್ನುತ್ತೇವೆ. ಈಗ ನೀವೇ ನೋಡಿ: ದಿಮ್ಮಿಗೆ ಕೊಟ್ಟದ್ದು 25,000. ಕೈಗೆ ಬಂದದ್ದು ಐದೂವರೆ ಅಡಿ. ಅಡಿಗೆ 4,500 ದಾಟಿತು, ಅಲ್ವಾ? ಕೊಯ್ಯುವ ಕೂಲಿ ಬೇರೆ.

ಕೊಯ್ದ ಮರದ ಲೆಕ್ಕ ಸುಲಭ. ಅಗಲ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಗುಣಿಸಿ 144ರಿಂದ ಭಾಗಿಸಿ. 5×3 ಇಂಚಿನ ಬಾಗಿಲ ಚೌಕಟ್ಟಿಗೆ ಒಟ್ಟು 21 ಅಡಿ ಉದ್ದ ಬೇಕಾದರೆ ಸುಮಾರು 2.19 ಸಿಎಫ್‌ಟಿ. ಪ್ಲೇನಿಂಗ್ ಮಾಡಿ, ಅಂದರೆ ಮೇಲ್ಮೈ ಹೆರೆದು ನುಣುಪು ಮಾಡಿದ ಮೇಲೆ ಅದು 5×3 ಇರುವುದಿಲ್ಲ, ಅಗಲ, ದಪ್ಪ ಎರಡರಲ್ಲೂ ಕಾಲಿಂಚು ಕಮ್ಮಿಯಾಗಿ 4¾×2¾ ಆಗುತ್ತದೆ. ಬಿಲ್ಲು 5×3ಕ್ಕೇ ಬರುತ್ತದೆ. ಮೊದಲೇ ಹೇಳಿದ್ದರೆ ಅದರಲ್ಲಿ ತಪ್ಪಿಲ್ಲ.

ಇನ್ನು ದರ್ಜೆ. 'ಫಸ್ಟ್ ಕ್ವಾಲಿಟಿ' ಅನ್ನುವ ಮಾತು ಅಂಗಡಿಗೊಂದು ಥರ ಇರುತ್ತದೆ, ಅದನ್ನೇ ನಂಬಬೇಡಿ. ನೀವು ನೋಡಬೇಕಾದ್ದು ಕೆಚ್ಚು. ಮರದ ಒಳಗಿನ ಕಂದು ಬಣ್ಣದ ಭಾಗ ಅದು. ತೇಗಕ್ಕೆ ಬೆಲೆ ಬರುವುದೇ ಅದರಿಂದ. ಅಂಚಿನ ಬಿಳಿಗೆ ಕುಟ್ಟೆ ಹುಳು ಹಿಡಿಯುತ್ತದೆ. ನಮ್ಮ ಪರಿಚಯದವರೊಬ್ಬರು ಬೇರೆ ಕಡೆ ಕಮ್ಮಿ ರೇಟಿಗೆ ಪಾಲಿಶ್ ಹೊಡೆದ ಚೌಕಟ್ಟು ತಂದರು. ಬಣ್ಣದ ಅಡಿಯಲ್ಲಿ ಅರ್ಧ ಬಿಳಿಯೇ ಇತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೆಳಗೆ ಹಿಟ್ಟು ಉದುರತೊಡಗಿತು. ಆ ಚೌಕಟ್ಟು ಕೀಳುವಾಗ ನನಗೇ ಸಂಕಟವಾಯಿತು. ಅದಕ್ಕೇ ಹೇಳುತ್ತೇನೆ, ಪಾಲಿಶ್ ಆಗುವ ಮೊದಲೇ ಮರ ನೋಡಿ, ನಾಲ್ಕೂ ಮುಖ ತಿರುಗಿಸಿ ನೋಡಿ.

ದಪ್ಪ, ಉದ್ದ, ನೆಟ್ಟಗಿನ ದಿಮ್ಮಿಗೆ ಅಡಿ ರೇಟೇ ಜಾಸ್ತಿ. ಅಗಲದ ಹಲಗೆ ಅದರಲ್ಲಿ ಮಾತ್ರ ಸಿಗುತ್ತದೆ. ಅರಣ್ಯ ಇಲಾಖೆಯ ಡಿಪೋ ಹರಾಜಿನಲ್ಲೂ ಹೀಗೇ. ಕಿಟಕಿಗೆ ಸಣ್ಣ ಮರ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ದಾಂಡೇಲಿ ತೇಗ ಅಂತ ಹೇಳಿ ಆಫ್ರಿಕಾದ ತೋಟದ ತೇಗ ಕೊಡುವವರೂ ಇದ್ದಾರೆ. ಹಾಗಾಗಿ ಯಾವ ಊರಿನ ಮರ, ಕೊಯ್ದ ಅಳತೆ ಎಷ್ಟು, ಜಿಎಸ್‌ಟಿ ಸೇರಿದೆಯೇ ಅನ್ನುವುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ನಿಮ್ಮ ಬಾಗಿಲು, ಕಿಟಕಿಗಳ ಅಳತೆ ಹಾಕಿ. ಎಷ್ಟು ಅಡಿ ಬೇಕಾಗುತ್ತದೆ ಅಂತ ಲೆಕ್ಕ ಮಾಡಿ ಕೊಡುತ್ತೇನೆ.