ಆಯಮ್ಮ ಅಳೆಯದೆ ಚೆಲ್ಲಿದ್ದಕ್ಕೆ ನಾನು ಹೊಣೆಯೇ?

ಪತ್ರದ ಸಾರ: "ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಏಳು ತಿಂಗಳಿಂದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಹೋದ ತಿಂಗಳಿಂದ ಸರ್ಜಿಕಲ್ ವಾರ್ಡಿನ ನೈಟ್ ಡ್ಯೂಟಿಗೆ ನಾನೇ ಇನ್‌ಚಾರ್ಜ್. 24 ಹಾಸಿಗೆ, ನಾನು, ಇನ್ನೊಬ್ಬ ಹೊಸ ಹುಡುಗಿ, ಒಬ್ಬರು ಆಯಮ್ಮ. ಆಪರೇಷನ್ ಆಗಿದ್ದ ಒಬ್ಬ ಅಜ್ಜನ ಯೂರಿನ್ ಬ್ಯಾಗ್ ನೋಡಿಕೊಳ್ಳಿ ಎಂದು ಆಯಮ್ಮನಿಗೆ ಹೇಳಿದ್ದೆ. ಅವರು ಅಳೆಯದೆ ಚೆಲ್ಲಿಬಿಟ್ಟರು. ಬೆಳಗ್ಗೆ ರೌಂಡ್ಸಿಗೆ ಬಂದ ಸರ್ಜನ್ ಔಟ್‌ಪುಟ್ ಎಷ್ಟು ಎಂದರು, ಚಾರ್ಟ್ ಖಾಲಿ. ಎಲ್ಲರೆದುರು ಬೈಸಿಕೊಂಡೆ, ಮೆಮೊ ಕೂಡ ಬಂತು. ಪುಣ್ಯಕ್ಕೆ ಅಜ್ಜನಿಗೆ ಏನೂ ಆಗಲಿಲ್ಲ. ಆಯಮ್ಮ ಮಾಡಿದ್ದಕ್ಕೆ ನಾನು ಹೇಗೆ ಹೊಣೆ? ನಮ್ಮಮ್ಮನಿಗಿಂತ ದೊಡ್ಡವರಿಗೆ ಕೆಲಸ ಹೇಳುವುದಾದರೂ ಹೇಗೆ? ಎಲ್ಲ ನಾನೇ ಮಾಡಿಕೊಳ್ಳುವುದು ವಾಸಿ ಅನ್ನಿಸುತ್ತಿದೆ."
(ಹೆಸರು, ಊರು ಹಾಕಬೇಡಿ ಎಂದಿರುವ ಓದುಗರು)

ಪ್ರಿಯ ಸೋದರಿ,

ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಇಡೀ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಅದೊಂದೇ. 24 ಹಾಸಿಗೆಯ ವಾರ್ಡಿನಲ್ಲಿ ರಾತ್ರಿ ಎಲ್ಲವನ್ನೂ ತಾನೇ ಮಾಡುತ್ತೇನೆಂದು ಹೊರಟ ನರ್ಸ್, ಎರಡನೇ ಬೆಡ್ಡಿಗೆ ಬೆಡ್‌ಪ್ಯಾನ್ ಕೊಟ್ಟು, ಒಂಬತ್ತನೇ ಬೆಡ್ಡಿನ ಶೀಟು ಬದಲಾಯಿಸಿ, ಫಾರ್ಮಸಿಗೆ ಓಡಿ ಬರುವಷ್ಟರಲ್ಲಿ ಮೂಲೆಯ ಬೆಡ್ಡಿನವರ ಬಿಪಿ ಬಿದ್ದಿರುತ್ತದೆ. ಆಗ ಅದನ್ನು ಗುರುತಿಸಬೇಕಾದವರು ಆ ವಾರ್ಡಿನಲ್ಲಿ ನೀವಿಬ್ಬರೇ. ಶೀಟು ಬದಲಾಯಿಸಲು ಬೇರೆಯವರಿದ್ದರು. ಹೊಸಬರು ಇದನ್ನು ಶ್ರದ್ಧೆ ಎಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಇದು ಮುಕ್ಕಾಲು ಪಾಲು ದಾಕ್ಷಿಣ್ಯ, ಇನ್ನೊಬ್ಬರಿಗೆ ಹೇಳಲು ಬಾಯಿ ಬಾರದ್ದಕ್ಕೆ ಮೈ ಮುರಿದುಕೊಳ್ಳುವುದು.

ಈಗ ಹೊಣೆಯ ಮಾತು. ಹೌದು, ನೀವೂ ಹೊಣೆ. ಆಯಮ್ಮ ಚೆಲ್ಲಿದರು ಎಂಬುದಕ್ಕಿಂತ, ಚೆಲ್ಲುವ ಮುಂಚೆ ಅಳೆಯಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ ಎಂಬುದಕ್ಕೆ. ಬ್ಯಾಗ್ ತುಂಬಿ ನೆಲಕ್ಕೆ ಸೋರದಂತೆ ಅವರು ನೋಡಿಕೊಂಡರು. ಅವರ ಮಟ್ಟಿಗೆ ಕೆಲಸ ಮುಗಿದಿತ್ತು. ಆ ಮೂತ್ರದ ಪ್ರಮಾಣದಲ್ಲಿ ಏನಿದೆ ಎಂದು ಗೊತ್ತಿದ್ದವರು ನೀವು. ದೊಡ್ಡವರಿಗೆ ಒಂದು ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಎಂಎಲ್ ಆದರೂ ಬರಬೇಕು. 60 ಕಿಲೋ ತೂಕದ ಅಜ್ಜನಾದರೆ ಗಂಟೆಗೆ 30, ಎಂಟು ಗಂಟೆಗೆ 240. ಅದಕ್ಕಿಂತ ಕಡಿಮೆಯಾದರೆ ಕ್ಯಾಥೆಟರ್ (ಮೂತ್ರದ ನಳಿಕೆ) ಕಟ್ಟಿಕೊಂಡಿರಬಹುದು, ಒಳಗೆ ರಕ್ತ ಹೋಗುತ್ತಿರಬಹುದು, ಡ್ರಿಪ್ ಸಾಲದೆ ಇರಬಹುದು, ಕಿಡ್ನಿ ಕೈಕೊಡುತ್ತಿರಬಹುದು. ಸರ್ಜನ್ ಕೂಗಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ರೋಗಿಗಳ ಎದುರು ನರ್ಸನ್ನು ಬೈಯುವ ಡಾಕ್ಟರುಗಳ ಬಗ್ಗೆ ನನಗೆ ಯಾವ ಗೌರವವೂ ಇಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಸರಿಯಾದದ್ದೇ.

ಹಾಗಾಗಿ ಯಾವ ಕೆಲಸವನ್ನಾದರೂ ಒಪ್ಪಿಸುವ ಮುಂಚೆ ಅದನ್ನು ಮನಸ್ಸಿನಲ್ಲೇ ಬಿಡಿಸಿ ನೋಡಿ. ಬ್ಯಾಗ್ ಖಾಲಿ ಮಾಡುವುದು ಕೈಯ ಕೆಲಸ, ಯಾರಾದರೂ ಮಾಡಬಹುದು. ಅಳೆಯುವುದನ್ನು ಒಮ್ಮೆ ತೋರಿಸಿಕೊಟ್ಟರೆ ಆಯಮ್ಮನೂ ಮಾಡುತ್ತಾರೆ. ಆದರೆ 90 ಎಂಎಲ್ ಎಂಬ ಅಂಕಿ ಬಂದಾಗ ಡ್ಯೂಟಿ ಡಾಕ್ಟರನ್ನು ಎಬ್ಬಿಸಬೇಕೋ ಬೇಡವೋ ಎನ್ನುವ ತೀರ್ಮಾನ ನಿಮ್ಮದು. ಅದನ್ನು ಕೊಡಲು ಬರುವುದಿಲ್ಲ. ಮೊದಲ ಸಲ ರೋಗಿಯನ್ನು ನೋಡಿ ಅಂದಾಜು ಮಾಡುವುದು, ಔಷಧ ಕೊಡುವುದು, ರಕ್ತ ಹಾಕಿದಾಗ ಮೊದಲ 15 ನಿಮಿಷ ಪಕ್ಕದಲ್ಲಿ ನಿಲ್ಲುವುದು, ಡಿಸ್ಚಾರ್ಜ್ ಆಗುವವರಿಗೆ ಮಾತ್ರೆಯ ವಿವರ ಹೇಳುವುದು, ಇವೂ ಅದೇ ಸಾಲಿಗೆ ಸೇರುತ್ತವೆ. ಎಷ್ಟೇ ತುರ್ತಿದ್ದರೂ ಇವು ಆಯಮ್ಮನ ಕೈಗೆ, ವಾರ್ಡ್ ಬಾಯ್ ಕೈಗೆ ಹೋಗಬಾರದು.

ಇನ್ನು ಹೇಳುವ ಬಗೆ. ನಾನಾಗಿದ್ದರೆ ಆ ರಾತ್ರಿ ಹೀಗೆ ಹೇಳುತ್ತಿದ್ದೆ: "ಆಯಮ್ಮ, ನಾಲ್ಕನೇ ಬೆಡ್ಡಿನ ಅಜ್ಜನ ಬ್ಯಾಗನ್ನ ಹನ್ನೆರಡು ಗಂಟೆಗೆ ಒಂದ್ಸಲ, ಐದಕ್ಕೆ ಒಂದ್ಸಲ ಖಾಲಿ ಮಾಡಿ. ಚೆಲ್ಲೋಕೆ ಮುಂಚೆ ಜಗ್ಗಲ್ಲೇ ನಂಗೆ ತೋರ್ಸಿ, ನಾನು ಬರ್ಕೋತೀನಿ. ಕೆಂಪಗಿದ್ರೆ, ಇಲ್ಲಾ ಬ್ಯಾಗಲ್ಲಿ ಏನೂ ಬರ್ದೇ ಇದ್ರೆ ಟೈಮ್ ಆಗ್ಲಿ ಅಂತ ಕಾಯ್ಬೇಡಿ, ಆಗ್ಲೇ ಕರೀರಿ." ಅರ್ಧ ನಿಮಿಷದ ಮಾತು. ಯಾರಿಗೆ, ಯಾವಾಗ, ಎಷ್ಟು, ಏನಾದರೆ ಕರೆಯಬೇಕು, ಎಲ್ಲ ಅದರಲ್ಲಿದೆ. ಜೊತೆಗೆ ಹನ್ನೆರಡು ದಾಟಿದರೂ ಆಯಮ್ಮ ಜಗ್ಗು ತರದಿದ್ದರೆ ನೀವೇ ಎದ್ದು ಹೋಗಿ ಕೇಳಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಹೇಳಿಬಿಟ್ಟರೆ ಆಯಿತು ಎಂದುಕೊಳ್ಳುತ್ತಾರೆ, ಹೇಳಿದ್ದು ತಿರುಗಿ ಬಂತೇ ಎಂದು ನೋಡುವುದಿಲ್ಲ. ನಿಮ್ಮ ಜೊತೆ ಓದಿದವರು ಯಾರಾದರೂ ಬ್ರಿಟನ್ನಿಗೆ ಹೋಗಿದ್ದರೆ ಕೇಳಿ ನೋಡಿ. ಅಲ್ಲಿಯ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನ ನೀತಿಸಂಹಿತೆಯ 11ನೇ ಅಂಶ ಪೂರ್ತಿ ಇದರದ್ದೇ: ಒಪ್ಪಿಸಿಕೊಂಡವರಿಗೆ ಆ ಕೆಲಸ ಬರುತ್ತದೆಯೇ ನೋಡಿ, ಮೇಲೆ ಕಣ್ಣಿಡಿ, ಕೊನೆಗೆ ಸರಿಯಾಗಿ ಆಯಿತೇ ಎಂದು ಖಚಿತ ಮಾಡಿಕೊಳ್ಳಿ. ನಿಮ್ಮ ಹೆಸರು ನಮ್ಮ ರಾಜ್ಯ ಶುಶ್ರೂಷಾ ಪರಿಷತ್ತಿನ ರಿಜಿಸ್ಟರಿನಲ್ಲಿದೆ. ಆಯಮ್ಮನ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ. ಅವರಿಗೆ ಹೆಚ್ಚಿನ ಆಸ್ಪತ್ರೆಗಳಲ್ಲಿ ತರಬೇತಿಯನ್ನೂ ಕೊಟ್ಟಿರುವುದಿಲ್ಲ. ನಿಮ್ಮ ಪಾಲಿನ ಹೊಣೆ ಹೆಚ್ಚಾಗುವುದು ಅದರಿಂದಲೇ.

ಅಮ್ಮನಿಗಿಂತ ದೊಡ್ಡವರಿಗೆ ಹೇಗೆ ಹೇಳುವುದು ಎಂದಿರಿ. ನೀವು ವಾರ್ಡಿಗೆ ಬರುವ ಎಷ್ಟೋ ವರ್ಷ ಮುಂಚಿನಿಂದ ಅವರು ಅಲ್ಲಿದ್ದಾರೆ. ನಿಮ್ಮಂಥ ಸಿಸ್ಟರುಗಳು ಬಂದು, ಬಾಂಡ್ ಮುಗಿಸಿ, ಗಲ್ಫಿಗೋ ಬೆಂಗಳೂರಿಗೋ ಹೋಗುವುದನ್ನು ಕಂಡಿದ್ದಾರೆ. ನೀವು ಕುರ್ಚಿಯಲ್ಲಿ ಕೂತು ಕೈ ತೋರಿಸಿ ಹೇಳಿದರೆ ಅವರ ಕಿವಿಗೆ ಕೇಳಿಸುವುದಿಲ್ಲ. ಹಾಗೆಂದು ಅಂಗಲಾಚಬೇಕಾಗಿಯೂ ಇಲ್ಲ. ಡ್ಯೂಟಿ ಶುರುವಾದಾಗ ಹಿಂದಿನ ಪಾಳಿಯವರಿಂದ ರೋಗಿಗಳ ವಿವರ, ಅಂದರೆ ಹ್ಯಾಂಡೋವರ್ ತೆಗೆದುಕೊಳ್ಳುತ್ತೀರಲ್ಲ, ಆಗ ಆಯಮ್ಮನನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ. ನಮ್ಮಲ್ಲಿ ಇದು ರೂಢಿಯಲ್ಲಿಲ್ಲ. ಸಿಸ್ಟರುಗಳು ಇಂಗ್ಲಿಷಿನಲ್ಲಿ ಗುಸುಗುಸು ಮಾತಾಡಿ ಮುಗಿಸುತ್ತಾರೆ, ಆಯಮ್ಮ ಬಾಗಿಲಲ್ಲಿ ನಿಂತಿರುತ್ತಾರೆ. ಯಾವ ರೋಗಿ ಇವತ್ತು ಆಪರೇಷನ್ ಆದವರು, ಯಾರಿಗೆ ಬಾಯಿಗೆ ಏನೂ ಹಾಕಬಾರದು, ಯಾರು ಎದ್ದರೆ ಬೀಳುತ್ತಾರೆ, ಇಷ್ಟನ್ನು ಕನ್ನಡದಲ್ಲಿ ಅವರ ಕಿವಿಗೆ ಹಾಕಿದರೆ ಅರ್ಧ ಕೆಲಸ ಹೇಳಿದಂತೆಯೇ.

ಅವರು ಹೇಳಿದ್ದನ್ನೂ ಕೇಳಿಸಿಕೊಳ್ಳಿ. ನಾನು ಬಾಣಂತಿಯರ ವಾರ್ಡಿನಲ್ಲಿ ನರ್ಸಾಗಿದ್ದಾಗ ಒಬ್ಬರು ಆಯಮ್ಮ ಇದ್ದರು, ಓದು ಬರಹ ಇಲ್ಲ. ಒಂದು ರಾತ್ರಿ ಔಷಧದ ಟ್ರೇ ಹಿಡಿದು ಹೊರಟಿದ್ದ ನನ್ನನ್ನು ಅಡ್ಡಗಟ್ಟಿ, "ಸಿಸ್ಟರ್, ಆ ಕೊನೇ ಹುಡುಗಿಗೆ ಈಗಿನ್ನೂ ಬಟ್ಟೆ ಬದಲಾಯ್ಸಿದ್ದೆ, ಮತ್ತೆ ನೆಂದೋಗದೆ. ಮಾತಾಡ್ಸಿದ್ರೆ ಹೂಂ ಅಂತಾಳೆ ಅಷ್ಟೆ" ಎಂದರು. ಹೋಗಿ ನೋಡಿದರೆ ಗರ್ಭಕೋಶ ಬಿಗಿಯದೆ ಮೆತ್ತಗಿತ್ತು, ನಾಡಿ ಓಡುತ್ತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಉಜ್ಜುತ್ತಾ ಡಾಕ್ಟರನ್ನು ಕೂಗಿದೆ. ಹುಡುಗಿ ಉಳಿದಳು. ಹೆರಿಗೆಯ ನಂತರದ ರಕ್ತಸ್ರಾವವನ್ನು ನಾವು ಎಂಎಲ್ ಲೆಕ್ಕದಲ್ಲಿ ಓದಿದ್ದೆವು, ಆಯಮ್ಮ ಬಟ್ಟೆಯ ಲೆಕ್ಕದಲ್ಲಿ ಕಂಡುಕೊಂಡಿದ್ದರು. ಇಂಥವರಿಗೆ ಕೆಲಸ ಹೇಳುವುದು ಕಷ್ಟವಾಗುವುದು ನಾವು ಬರೀ ಹೇಳುವವರಾಗಿ ನಿಂತಾಗ ಮಾತ್ರ.

ನೀವು ಬರೆಯದೇ ಬಿಟ್ಟ ಒಂದು ಸಂಗತಿಯಿದೆ. ನಮ್ಮ ವಾರ್ಡುಗಳಲ್ಲಿ ಅತಿ ಹೆಚ್ಚು ಕೆಲಸ ಒಪ್ಪಿಸಿಕೊಳ್ಳುವವರು ಆಯಮ್ಮನಲ್ಲ, ರೋಗಿಯ ಕಡೆಯವರು. "ಬಾಟ್ಲು ಖಾಲಿಯಾದ್ರೆ ಕರೀರಿ", "ಸ್ವಲ್ಪ ಮಗ್ಗುಲು ಬದಲಾಯಿಸ್ತಾ ಇರಿ", "ಟ್ಯೂಬಲ್ಲಿ ಗಂಜಿ ಹಾಕಿ". ಇದ್ಯಾವುದೂ ಕೇಸ್ ಶೀಟಿನಲ್ಲಿ ಬರುವುದಿಲ್ಲ. ಡ್ರಿಪ್ ಬೇಗ ಮುಗಿದರೆ ಮಲಗಬಹುದು ಎಂದು ಮಗ ಚಕ್ರ ತಿರುಗಿಸಿ ಜೋರು ಬಿಟ್ಟಿರುತ್ತಾನೆ. ಲಕ್ವ ಹೊಡೆದ ಅಪ್ಪನಿಗೆ ಪಾಪ ಬಾಯಿ ಒಣಗಿದೆಯೆಂದು ಮಗಳು ಚಮಚದಲ್ಲಿ ಕಾಫಿ ಕುಡಿಸುತ್ತಾಳೆ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯವರು ಮಾಡುವುದು ಬೇಡ ಎನ್ನಲು ನಮ್ಮಲ್ಲಿ ಕೈಗಳಿಲ್ಲ. ಮಾಡಲಿ. ಆದರೆ ಅವರಿಗೂ ಆಯಮ್ಮನಿಗೆ ಹೇಳಿದಷ್ಟೇ ಬಿಡಿಸಿ ಹೇಳಿ, ಮೊದಲ ಸಲ ನಿಮ್ಮೆದುರು ಮಾಡಿಸಿ. ಟ್ಯೂಬಿನಲ್ಲಿ ಹಾಕುವಾಗ ತಲೆಯ ಕಡೆ ಎತ್ತರವಿರಬೇಕೆಂದು ಹೇಳದೆ ಬಂದು, ಆಮೇಲೆ ಮನೆಯವರ ತಲೆಯ ಮೇಲೆ ಗೂಬೆ ಕೂರಿಸುವುದು ಸಲ್ಲದು. ನರ್ಸಿಂಗ್ ವಿದ್ಯಾರ್ಥಿಗಳ ವಿಷಯವೂ ಹಾಗೇ: ನೀವು ಪಕ್ಕದಲ್ಲಿ ನಿಲ್ಲದೆ ಅವರಿಂದ ಇಂಜೆಕ್ಷನ್ ಕೊಡಿಸಬೇಡಿ, ನೀವು ಕೊಡದ ಔಷಧಕ್ಕೆ ನಿಮ್ಮ ಸಹಿ ಹಾಕಬೇಡಿ.

ಇಷ್ಟು ಕೆಳಕ್ಕೆ ಹರಿಯುವ ಕೆಲಸದ ಕಥೆ. ಮೇಲಿನಿಂದ ನಿಮಗೇ ಬಂದು ಬೀಳುವುದರ ಬಗ್ಗೆ ನೀವು ಕೇಳಿಲ್ಲ, ಆದರೆ ಇವತ್ತಲ್ಲ ನಾಳೆ ಬೇಕಾಗುತ್ತದೆ. 1998ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸ್ಪ್ರಿಂಗ್ ಮೆಡೋಸ್ ಆಸ್ಪತ್ರೆಯ ಪ್ರಕರಣ ನರ್ಸಿಂಗ್ ಕಾಲೇಜುಗಳಲ್ಲಿ ಪಾಠವಾಗಬೇಕಿತ್ತು. ಟೈಫಾಯಿಡ್ ಆಗಿ ಸೇರಿದ್ದ ಮಗು. ಇಂಜೆಕ್ಷನ್ ಅನ್ನು ಡಾಕ್ಟರೇ ಕೊಡಬೇಕೆಂದು ಹಿರಿಯ ವೈದ್ಯರು ಹೇಳಿದ್ದರೂ ಕಿರಿಯ ವೈದ್ಯರು ಅದನ್ನು ನರ್ಸಿಗೆ ಬಿಟ್ಟರು. ನರ್ಸ್ ಬೇರೆಯೇ ಔಷಧ ತರಿಸಿ ರಕ್ತನಾಳಕ್ಕೆ ಕೊಟ್ಟಳು. ತಾಯಿಯ ಮಡಿಲಲ್ಲೇ ಮಗು ಕುಸಿಯಿತು, ಮಿದುಳಿಗೆ ಮತ್ತೆ ಸರಿಹೋಗದ ಹಾನಿಯಾಯಿತು. ಆಕೆ ಯಾವ ರಾಜ್ಯದ ಪರಿಷತ್ತಿನಲ್ಲೂ ನೋಂದಾಯಿಸಿಕೊಂಡವಳಲ್ಲ ಎಂಬುದೂ ವಿಚಾರಣೆಯಲ್ಲಿ ಹೊರಬಿತ್ತು. ರಾಷ್ಟ್ರೀಯ ಗ್ರಾಹಕ ಆಯೋಗ ಮಗುವಿಗೆ ಹನ್ನೆರಡೂವರೆ ಲಕ್ಷ, ತಂದೆತಾಯಿಗೆ ಐದು ಲಕ್ಷ ಪರಿಹಾರ ಕೊಡಿಸಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಒಪ್ಪಿಸಿದ ಡಾಕ್ಟರ್, ಒಪ್ಪಿಕೊಂಡ ನರ್ಸ್, ಇಬ್ಬರದೂ ನಿರ್ಲಕ್ಷ್ಯ ಎಂದಾಯಿತು. ಆಕೆಯನ್ನು ಕೆಲಸಕ್ಕಿಟ್ಟುಕೊಂಡ ಆಸ್ಪತ್ರೆಯೂ ತಪ್ಪಿಸಿಕೊಳ್ಳಲಿಲ್ಲ.

ಡಾಕ್ಟರ್ ಹೇಳಿದರು ಎನ್ನುವುದು ನಿಮ್ಮನ್ನು ಪೂರ್ತಿ ಕಾಯುವುದಿಲ್ಲ ಎಂದು ಇದರರ್ಥ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನನ್ನೂ ಒಮ್ಮೆ ಓದಿ. ನಿರ್ಲಕ್ಷ್ಯದಿಂದ ಸಾವು ತಂದರೆ ಐದು ವರ್ಷದವರೆಗೆ ಶಿಕ್ಷೆ. ಚಿಕಿತ್ಸೆ ನಡೆಸುವಾಗ ನೋಂದಾಯಿತ ವೈದ್ಯರಿಂದ ಆದರೆ ಎರಡು ವರ್ಷದವರೆಗೆ. ಆ ರಿಯಾಯಿತಿ ವೈದ್ಯಕೀಯ ರಿಜಿಸ್ಟರಿನಲ್ಲಿ ಹೆಸರಿರುವವರಿಗೆ ಮಾತ್ರ. ನರ್ಸುಗಳನ್ನು ಅದರಿಂದ ಹೊರಗಿಟ್ಟದ್ದು ಅನ್ಯಾಯ ಎಂದೇ ನನ್ನ ಅಭಿಪ್ರಾಯ, ಆದರೆ ಕಾನೂನು ಈಗ ಇರುವುದು ಹಾಗೆ.

ಆದ್ದರಿಂದ ಅರ್ಧರಾತ್ರಿ ಫೋನಿನಲ್ಲಿ ಆರ್ಡರ್ ಬಂದರೆ ಬರೆದುಕೊಂಡು ಅಲ್ಲೇ ಓದಿ ಹೇಳಿ: "ಸರ್, ನಾಲ್ಕನೇ ಬೆಡ್, ಇಂಥ ಔಷಧ, ಇಷ್ಟು ಡೋಸ್, ಹೀಗೆ ಕೊಡಬೇಕು, ಸರಿನಾ?" ಸಮಯ ಹಾಕಿ, ಬೆಳಗ್ಗೆ ಸಹಿ ಮಾಡಿಸಿಕೊಳ್ಳಿ. ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸದೆ ನೇರ ಚುಚ್ಚು ಎಂದು ದೇವರೇ ಬಂದು ಹೇಳಿದರೂ ಚುಚ್ಚಬೇಡಿ. ಗೊತ್ತಿಲ್ಲದ ಕೆಲಸವಾದರೆ "ನನಗೆ ಇದನ್ನು ಯಾರೂ ತೋರಿಸಿಲ್ಲ ಸರ್, ನೀವು ಬನ್ನಿ, ನಾನು ಜೊತೆಗಿರುತ್ತೇನೆ" ಎನ್ನಿ. ಏಳು ತಿಂಗಳ ನರ್ಸ್ ಹೀಗೆ ಹೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ನಿಮ್ಮನ್ನು ಇಷ್ಟು ಬೇಗ ಇನ್‌ಚಾರ್ಜ್ ಮಾಡಿದವರ ಮಾತೂ ಇದೆ. ಕೇಂದ್ರ ಸರ್ಕಾರದ ಎಸ್‌ಐಯು (ಸಿಬ್ಬಂದಿ ಪರಿಶೀಲನಾ ಘಟಕ) ಮಾನದಂಡ ಸಾಮಾನ್ಯ ವಾರ್ಡಿಗೆ ಆರು ಹಾಸಿಗೆಗೊಬ್ಬ ನರ್ಸ್ ಎನ್ನುತ್ತದೆ. ನಿಮ್ಮಲ್ಲಿ ಹನ್ನೆರಡಕ್ಕೆ ಒಬ್ಬರು, ಇಬ್ಬರೂ ಹೊಸಬರು. ಇದನ್ನು ನೀವೊಬ್ಬರೇ ಸರಿಪಡಿಸಲಾರಿರಿ. ಆದರೆ ರೋಗಿಗಳು ತುಂಬಿ, ಆಪರೇಷನ್ ಆದವರು ಹೆಚ್ಚಿರುವ ರಾತ್ರಿ, ಡ್ಯೂಟಿ ಶುರುವಾದ ಎಂಟು ಗಂಟೆಗೇ ಸೂಪರ್‌ವೈಸರಿಗೆ ಫೋನ್ ಮಾಡಿ ಇನ್ನೊಬ್ಬರನ್ನು ಕೇಳಿ. ಕೇಳಿದ್ದನ್ನು, ಅವರು ಕೊಟ್ಟ ಉತ್ತರವನ್ನು ರಿಪೋರ್ಟ್ ಪುಸ್ತಕದಲ್ಲಿ ಸಮಯ ಹಾಕಿ ಬರೆಯಿರಿ. ಬೆಳಗಿನ ಆರು ಗಂಟೆಗೆ ಅದೇ ಮಾತು ಹೇಳಿದರೆ ನೆಪದಂತೆ ಕೇಳಿಸುತ್ತದೆ.

ಕೊನೆಗೆ ಆ ಮೆಮೊ. ಉತ್ತರ ಕೊಡದೆ ಇರಬೇಡಿ, ಅಳುತ್ತಾ ಕ್ಷಮಾಪಣೆಯನ್ನೂ ಬರೆದುಕೊಡಬೇಡಿ. ಆ ರಾತ್ರಿ ವಾರ್ಡಿನಲ್ಲಿದ್ದ ರೋಗಿಗಳೆಷ್ಟು, ಸಿಬ್ಬಂದಿಯೆಷ್ಟು, ಬ್ಯಾಗ್ ಖಾಲಿ ಮಾಡಲು ಎಷ್ಟು ಗಂಟೆಗೆ ಹೇಳಿದಿರಿ, ಅಳತೆ ದಾಖಲಾಗಿಲ್ಲ ಎಂದು ಯಾವಾಗ ತಿಳಿಯಿತು, ಆಗ ಅಜ್ಜನ ನಾಡಿ, ಬಿಪಿ ಎಷ್ಟಿತ್ತು, ಇಷ್ಟನ್ನು ಕ್ರಮವಾಗಿ ಬರೆಯಿರಿ. ಅಳೆದು ತೋರಿಸಬೇಕೆಂದು ನೀವು ಬಿಡಿಸಿ ಹೇಳಿರಲಿಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಒಪ್ಪಿಕೊಳ್ಳಿ. ಆಯಮ್ಮನ ಹೆಸರು ಹಿಡಿದು ದೂರಬೇಡಿ. ಇನ್‌ಟೇಕ್ ಔಟ್‌ಪುಟ್ (ರೋಗಿಯ ಒಳಗೆ ಹೋದ, ಹೊರಗೆ ಬಂದ ದ್ರವ) ಅಳೆಯುವುದನ್ನು ವಾರ್ಡಿನ ಎಲ್ಲ ಸಹಾಯಕರಿಗೂ ಕಲಿಸಲು ಅವಕಾಶ ಕೊಡಿ ಎಂದು ಕೇಳಿ. ಕೊಡುವ ಮುಂಚೆ ಒಂದು ಜೆರಾಕ್ಸ್ ತೆಗೆದಿಟ್ಟುಕೊಳ್ಳಿ, ತಲುಪಿದ್ದಕ್ಕೆ ನರ್ಸಿಂಗ್ ಸೂಪರಿಂಟೆಂಡೆಂಟರ ಸಹಿ ಹಾಕಿಸಿಕೊಳ್ಳಿ. ನಿಮ್ಮ ಮೂಲ ಸರ್ಟಿಫಿಕೇಟುಗಳು ಆಸ್ಪತ್ರೆಯವರ ಬೀರುವಿನಲ್ಲಿದ್ದರೆ ಮಾತ್ರ ನನಗೆ ಇನ್ನೊಂದು ಪತ್ರ ಬರೆಯಿರಿ. ಅದಕ್ಕೆ ಬೇರೆಯೇ ಉತ್ತರ ಬೇಕು.

ಸಂಪಾದಕಿ