ಬಚ್ಚಲಲ್ಲಿ ಬೀಡಿ ವಾಸನೆ

ದಾವಣಗೆರೆಯಿಂದ ಬರೆದ ಮೇಡಂ ಅವ್ರಿಗೆ,

ನಿಮ್ ಪತ್ರ ಎರಡ್ ಸಲ ಓದ್ದೆ. ಅಪ್ಪನಿಗೆ 61, ಸಿಒಪಿಡಿ (ಶ್ವಾಸಕೋಶದ ಗಾಳಿ ದಾರಿ ಕಿರಿದಾಗಿ ಉಸಿರು ಕಟ್ಟೋ ಕಾಯಿಲೆ) ಅಂತ ಗೊತ್ತಾಗಿ ಎರಡ್ ವರ್ಷ, ಇನ್‌ಹೇಲರ್ ಎಳ್ಕೊಂಡು ಹತ್ ನಿಮಿಷಕ್ಕೆ ಬಚ್ಚಲಲ್ಲಿ ಬೀಡಿ ವಾಸನೆ, "ಇಷ್ಟು ಬೈದ್ರೂ ಬುದ್ಧಿ ಬರಲ್ವಲ್ಲ ಸಾರ್" ಅಂತ ಕೇಳಿದೀರ.

ಮೊದ್ಲು ಬೈಯೋದ್ ನಿಲ್ಸಿ. ಬೈಸ್ಕೊಂಡೋರು ಕದ್ದು ಸೇದ್ತಾರೆ, ಕದ್ದು ಸೇದೋರು ಡಾಕ್ಟ್ರ ಹತ್ರನೂ "ಬಿಟ್ಬಿಟ್ಟೆ" ಅಂತಾರೆ, ಆಮೇಲೆ ಡಾಕ್ಟ್ರಾದ್ರೂ ಏನ್ ಮಾಡ್ತಾರೆ ಹೇಳಿ.

ಕಾಯಿಲೆ ಇರೋರಿಗೆ ಭಯ ಕಮ್ಮಿ ಇರಲ್ಲ, "ಹೆಂಗಿದ್ರೂ ಹಾಳಾಗಿದೆ, ಈಗ ಬಿಟ್ಟೇನು" ಅನ್ನೋದೇ ದೊಡ್ಡ ಅಡ್ಡಿ. ಹಾಳಾದ ಶ್ವಾಸಕೋಶ ವಾಪಸ್ ಬರಲ್ಲ ನಿಜ, ಆದ್ರೆ ಬಿಟ್ರೆ ಮುಂದೆ ಹಾಳಾಗೋ ಸ್ಪೀಡ್ ಇಳಿಯುತ್ತೆ, 61ಕ್ಕೂ ಇಳಿಯುತ್ತೆ. ಇದನ್ನ ಅವರದೇ ಊದೋ ಟೆಸ್ಟಿನ (ಶ್ವಾಸಕೋಶ ಎಷ್ಟು ಕೆಲ್ಸ ಮಾಡ್ತಿದೆ ಅಂತ ನೋಡೋದು) ರಿಪೋರ್ಟ್ ಇಟ್ಕೊಂಡು ಡಾಕ್ಟ್ರು ಹೇಳ್ಬೇಕು. ಇಂಗ್ಲೆಂಡಲ್ಲಿ 561 ಜನ ಸೇದೋರಿಗೆ ಈ ಟೆಸ್ಟ್ ಮಾಡಿ, ಅರ್ಧ ಜನಕ್ಕೆ "ನಿಮ್ ಶ್ವಾಸಕೋಶಕ್ಕೆ ಇಷ್ಟು ವಯಸ್ಸಾಗಿದೆ" ಅಂದ್ರಂತೆ, ಉಳಿದೋರಿಗೆ ಬರೀ ಅಂಕಿ ಕೊಟ್ರು. 2008ರಲ್ಲಿ ಬಂದ ಫಲಿತಾಂಶ: ವರ್ಷ ಆದ್ಮೇಲೆ ಮೊದಲ್ನೇ ಗುಂಪಲ್ಲಿ ನೂರಕ್ಕೆ 13.6 ಜನ ಬಿಟ್ಟಿದ್ರು, ಇನ್ನೊಂದ್ರಲ್ಲಿ 6.4. ಒಂದ್ ಮಾತಿನ ವ್ಯತ್ಯಾಸ ನೋಡಿ!

ನಿಕೋಟಿನ್ ಗಮ್ ಕೊಟ್ಟು ಪ್ರಯೋಜನ ಆಗ್ಲಿಲ್ಲ ಅಂದಿದೀರ. ಚೂಯಿಂಗ್ ಗಮ್ ಥರ ಜಗಿತಾ ಇದ್ರೆ ಆಗಲ್ಲ. ನಿಧಾನಕ್ಕೆ ಅಗಿದು, ಖಾರ ಅನ್ಸಿದ್ ತಕ್ಷಣ ದವಡೆ ಪಕ್ಕ ಇಟ್ಕೋಬೇಕು, ಮತ್ತೆ ಅಗೀಬೇಕು. ಅದಕ್ಕೆ ಮುಂಚೆ ಹದಿನೈದ್ ನಿಮಿಷ ಕಾಫಿ ಕುಡೀಬಾರ್ದು, ಕಾಫಿ ಕುಡಿದ ಬಾಯಲ್ಲಿ ನಿಕೋಟಿನ್ ಸರಿಯಾಗಿ ಒಳಗ್ ಹೋಗಲ್ಲ. ಕಾಫಿ ವಿಷ್ಯಕ್ಕೆ ಬಂದ್ರೆ ಇನ್ನೊಂದು, ಹೊಗೆ ಬಿಟ್ಮೇಲೆ ಕೆಫೀನ್ ದೇಹದಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೆ, ಅದೇ ನಾಲ್ಕು ಲೋಟಕ್ಕೆ ನಿದ್ದೆ ಇಲ್ಲ, ಎದೆ ಢವಢವ. ಜನ ಇದನ್ನ ಬೀಡಿ ಬಿಟ್ಟ ಸಂಕಟ ಅಂದ್ಕೊಂಡು ಮತ್ತೆ ಹಚ್ಚೇ ಬಿಡ್ತಾರೆ. ಅಪ್ಪ ಡೆರಿಫಿಲಿನ್ ಅನ್ನೋ ಉಸಿರಾಟದ ಮಾತ್ರೆ ತಗೋತಿದ್ರೆ ಡಾಕ್ಟ್ರಿಗೆ ಹೇಳ್ಲೇಬೇಕು, ಸೇದೋದ್ ನಿಂತ್ರೆ ಆ ಮಾತ್ರೆ ಮೈಯಲ್ಲಿ ಹೆಚ್ಚಾಗುತ್ತೆ, ಡೋಸ್ ಇಳಿಸ್ಬೇಕಾಗ್ಬೋದು.

ಬೀಡಿ ಬಿಡೋ ಬಗ್ಗೆ ಫೋನಲ್ಲಿ ಮಾತಾಡೋಕೆ ಕೇಂದ್ರ ಸರ್ಕಾರದ್ದು 1800-11-2356 ಇದೆ, ದುಡ್ಡಿಲ್ಲ, ಬೆಂಗಳೂರಿನ ನಿಮ್ಹಾನ್ಸ್ ಕಡೆಯಿಂದ ಕನ್ನಡದಲ್ಲೂ ಮಾತಾಡ್ತಾರೆ. ಆದ್ರೆ ಫೋನ್ ಅಪ್ಪನೇ ಮಾಡ್ಲಿ.

ಕೊನೇ ಸಾಲಲ್ಲಿ ಹಾಗೇ ಬರ್ದಿದೀರ, ಅಣ್ಣನೂ ಸೇದ್ತಾರೆ, ಪ್ಯಾಕೆಟ್ ಟಿವಿ ಪಕ್ಕನೇ ಇರುತ್ತೆ ಅಂತ. ನಾನು ನಿಮ್ ಮನೇಲಿದ್ದಿದ್ರೆ ಅಪ್ಪನ ಹತ್ರ ಹೋಗೋಕ್ ಮುಂಚೆ ಅಣ್ಣನ ಜೊತೆ ಕೂತು ಮಾತಾಡ್ತಿದ್ದೆ.

-ಸಂ.